ವಾಯುಮೋಕ್ಷ ಮೀಮಾಂಸೆ: ಬ್ರೇಕಿನ ನಾಳದಿಂದ ಗಾಳಿಯನ್ನು ಓಡಿಸುವ ವಿಧಿ

‘ಬ್ಲೀಡಿಂಗ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಪಂಡಿತರು ಅದನ್ನು ‘ರಕ್ತಮೋಕ್ಷಣ’ ಎಂದು ಕನ್ನಡಕ್ಕಿಳಿಸಿ ಕೈತೊಳೆದುಕೊಳ್ಳುವ ಅಪಾಯವಿದೆ. ಬ್ರೇಕಿನ ನಾಳದಲ್ಲಿ ರಕ್ತದ ಸ್ಥಾನ ಎಣ್ಣೆಯದು, ಅದು ಒಳಗೇ ಇರಬೇಕು. ಹೊರಗೆ ಹೋಗಬೇಕಾದದ್ದು ಗಾಳಿ. ಜೊತೆಗೆ ಒಂದಿಷ್ಟು ಎಣ್ಣೆ ಹೊರಬಂದರೆ ಅದು ನೆಂಟರನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟುಬರಲು ಹೋದ ಮನೆಯವರ ಹಾಗೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಾಗಲಿ, ಓಣಿಯ ಗ್ಯಾರೇಜಿನಲ್ಲಾಗಲಿ ಕೇಳಿದರೆ ‘ಬ್ರೇಕ್ ಏರ್ ತೆಗಿಯೋದು’ ಅನ್ನುತ್ತಾರೆ. ಶಬ್ದಾರ್ಥ ನಿರ್ಣಯದಲ್ಲಿ ಮೆಕ್ಯಾನಿಕ್ಕು ಪಂಡಿತನಿಗಿಂತ ಒಂದು ಹೆಜ್ಜೆ ಮುಂದಿದ್ದಾನೆ. ಆದ್ದರಿಂದ ಇಲ್ಲಿ ‘ವಾಯುಮೋಕ್ಷ’ ಎಂಬ ಪದವನ್ನೇ ಬಳಸಲಾಗಿದೆ.

ಶಾಸ್ತ್ರಗ್ರಂಥಕ್ಕೆ ಅಧಿಕಾರಿ ಯಾರೆಂದು ಮೊದಲು ಹೇಳಬೇಕೆಂಬುದು ಹಿಂದಿನವರ ಕಟ್ಟಳೆ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಮುಂಚಕ್ರದ ಪ್ಯಾಡು ಮಾತ್ರ ಬದಲಿಸಿದ ಗೃಹಸ್ಥ ಈ ಶಾಸ್ತ್ರಕ್ಕೆ ಅಧಿಕಾರಿಯಲ್ಲ. ಪ್ಯಾಡು ಬದಲಿಸುವಾಗ ಎಣ್ಣೆಯ ದಾರಿ ತೆರೆಯುವುದೇ ಇಲ್ಲ, ಗಾಳಿ ನುಗ್ಗಲು ಸಂದಿಯಿಲ್ಲ. ಅವನು ಮಾಡಬೇಕಾದದ್ದು ಇಷ್ಟೆ: ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾನಲ್ಲ, ಗಾಡಿ ಅಲ್ಲಾಡಿಸುವ ಮೊದಲು ಪೆಡಲನ್ನು ನಾಲ್ಕಾರು ಸಲ ಒತ್ತಿ ಅದನ್ನು ಸ್ವಸ್ಥಾನಕ್ಕೆ ತರಬೇಕು. ಮರೆತವನ ಮೊದಲ ಒತ್ತಿಗೆ ಪೆಡಲು ನೆಲ ಮುಟ್ಟುತ್ತದೆ, ಕಾರು ಗೇಟು ಮುಟ್ಟುತ್ತದೆ. ಹೋಸ್, ಕ್ಯಾಲಿಪರ್, ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ಇವುಗಳಲ್ಲಿ ಒಂದನ್ನಾದರೂ ಬಿಚ್ಚಿದವನೇ ನಿಜವಾದ ಮುಮುಕ್ಷು.

ಗಾಳಿ ಹೊಕ್ಕರೆ ಏನಾಗುತ್ತದೆ ಎಂಬುದು ಪಾಸ್ಕಲ್ ಮತ್ತು ಬಾಯ್ಲ್ ನಡುವಿನ ವ್ಯಾಜ್ಯ. ದ್ರವದ ಒಂದು ಕಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಸಮವಾಗಿ ಹಬ್ಬುತ್ತದೆ ಎಂದ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ 1662ರಲ್ಲಿ ತೀರಿಕೊಂಡ. ಒತ್ತಡ ಹೆಚ್ಚಿದಂತೆ ಅನಿಲದ ಗಾತ್ರ ಕುಗ್ಗುತ್ತದೆ ಎಂದು ರಾಬರ್ಟ್ ಬಾಯ್ಲ್ ಪ್ರಕಟಿಸಿದ್ದು ಅದೇ ವರ್ಷ. ಇಬ್ಬರೂ ಕಾರು ಕಂಡವರಲ್ಲ. ಆದರೆ ಪ್ರತಿ ಬ್ರೇಕ್ ಪೆಡಲಿನ ಕೆಳಗೂ ಅವರ ಜಗಳ ಇನ್ನೂ ನಡೆದಿದೆ. ನಾಳದಲ್ಲಿ ಬರೀ ಎಣ್ಣೆಯಿದ್ದರೆ ಪಾಸ್ಕಲನ ಗೆಲುವು. ಒಂದು ಟೀ ಚಮಚದಷ್ಟು, ಅಂದರೆ 5 ಮಿಲಿಲೀಟರ್ ಗಾಳಿ ಸೇರಿತೆನ್ನಿ. ಒತ್ತಡ 50 ಪಟ್ಟು ಏರಿದಾಗ ಅದು 0.1 ಮಿಲಿಲೀಟರಿಗೆ ಕುಗ್ಗುತ್ತದೆ. ಮಿಕ್ಕ 4.9 ಮಿಲಿಲೀಟರ್ ಜಾಗವನ್ನು ಎಣ್ಣೆ ತುಂಬಬೇಕು. ಮಾಸ್ಟರ್ ಸಿಲಿಂಡರಿನ ಒಳವ್ಯಾಸ 20 ಮಿಲಿಮೀಟರ್ ಇದ್ದರೆ ಅಷ್ಟಕ್ಕೇ ಪಿಸ್ಟನ್ ಒಂದೂವರೆ ಸೆಂಟಿಮೀಟರ್ ಚಲಿಸುತ್ತದೆ. ಪೆಡಲಿನ ಸನ್ನೆ ನಾಲ್ಕು ಪಟ್ಟಿನದಾದರೆ ಪಾದ ಸುಮಾರು ಆರು ಸೆಂಟಿಮೀಟರ್ ಇಳಿಯುತ್ತದೆ. ಚಕ್ರಕ್ಕೆ ಇನ್ನೂ ಸುದ್ದಿಯೇ ಮುಟ್ಟಿಲ್ಲ! ಇದನ್ನೇ ಗ್ಯಾರೇಜಿನ ಭಾಷೆಯಲ್ಲಿ ‘ಪೆಡಲ್ ಸ್ಪಂಜ್ ಆಗಿದೆ’ ಅನ್ನುವುದು.

ಈ ಎಣ್ಣೆಯ ಕುಲಗೋತ್ರವೂ ಸ್ವಾರಸ್ಯಕರ. ಹೈಡ್ರಾಲಿಕ್ ಬ್ರೇಕನ್ನು ರೂಪಿಸಿದ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್, ವಿಮಾನಗಳ ಲಾಕ್‌ಹೀಡ್ ಮನೆತನದವನೇ. 1921ರ ಡ್ಯೂಸನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ಅಂಥ ಬ್ರೇಕು ಬಂತು. ಆ ಕಾಲದ ಬ್ರೇಕ್ ಆಯಿಲ್ಲಿಗೆ ಹರಳೆಣ್ಣೆಯನ್ನು ಆಲ್ಕೋಹಾಲಿನ ಜೊತೆ ಬೆರೆಸುತ್ತಿದ್ದರು. ವಾತ ಕೆರಳಿದರೆ ಹರಳೆಣ್ಣೆ ಕುಡಿಸಿ ಅನ್ನುವ ನಮ್ಮ ಅಜ್ಜಿಯರ ಚಿಕಿತ್ಸೆ ಅಮೆರಿಕಕ್ಕೆ ಯಾವ ಹಡಗಿನಲ್ಲಿ ಹೋಯಿತೆಂಬುದು ಸಂಶೋಧನಾರ್ಹ. ವಾತದ ಮಾತು ಬಂದಾಗ ಇನ್ನೊಂದನ್ನು ಹೇಳದಿದ್ದರೆ ತಪ್ಪಾದೀತು. 1983ರ ಡಿಸೆಂಬರಿನಲ್ಲಿ ಈ ದೇಶದ ರಸ್ತೆಗಿಳಿದ ಪುಟ್ಟ ಕಾರಿಗೆ ವಾಯುಪುತ್ರನ ಹೆಸರನ್ನೇ ಇಟ್ಟಿದ್ದಾರೆ. ತಂದೆ ಮಗನನ್ನು ನೋಡಲು ಬಂದರೆ ಬೇಡ ಅನ್ನಲು ಬ್ರೇಕಿಗೆ ಯಾವ ಹಕ್ಕು?

ಈಗಿನ ಡಾಟ್ 3, ಡಾಟ್ 4 ಎಣ್ಣೆಗಳು ಗ್ಲೈಕಾಲ್ ಜಾತಿಯವು, ನೀರಿನ ಮೋಹ ಬಿಡದವು. ತೆರೆದಿಟ್ಟರೆ ಗಾಳಿಯ ತೇವವನ್ನು ಹೀರುತ್ತವೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿಯೇ 155ಕ್ಕೆ ಇಳಿಯುತ್ತದೆ. ಆಗುಂಬೆ ಘಾಟಿಯಲ್ಲಿ ಸೋಮೇಶ್ವರದ ಕಡೆಗೆ ಬ್ರೇಕು ಒತ್ತಿಕೊಂಡೇ ಇಳಿಯುವವನ ನಾಳದಲ್ಲಿ ಆ ನೀರು ಆವಿಯಾದರೆ ಹೊರಗಿನ ಗಾಳಿಯ ಹಂಗೇ ಇಲ್ಲದೆ ಗುಳ್ಳೆ ಹುಟ್ಟುತ್ತದೆ. ಆದ್ದರಿಂದ ಕಳೆದ ಮಳೆಗಾಲದಲ್ಲಿ ತೆರೆದ ಡಬ್ಬಿಯನ್ನು ‘ಅರ್ಧ ಇದೆಯಲ್ಲಾ’ ಎಂದು ಈಗ ಸುರಿಯುವುದು ಜಿಪುಣತನದಲ್ಲೇ ಅಧಮ ಪ್ರಕಾರ. ಇದೇ ಎಣ್ಣೆ ಕಾರಿನ ಬಣ್ಣವನ್ನೂ ತಿನ್ನುತ್ತದೆ. ಚೆಲ್ಲಿದರೆ ಒರೆಸುತ್ತ ಕೂರದೆ ಕೂಡಲೇ ನೀರು ಹೊಯ್ಯಬೇಕು.

ಆಯುರ್ವೇದದ ಐದು ವಾಯುಗಳಲ್ಲಿ ಬ್ರೇಕಿನ ವಾಯು ಯಾವುದು? ಕೆಳಮುಖದ ಅಪಾನವೆಂದು ಪೂರ್ವಪಕ್ಷ. ಎಣ್ಣೆಯಲ್ಲಿ ಗುಳ್ಳೆ ಮೇಲಕ್ಕೇ ಏರುವುದರಿಂದ ಇದು ಉದಾನವೆಂದು ಸಿದ್ಧಾಂತ. ತರ್ಕ ಒಣಗಿದಂತೆ ಕಂಡರೂ ಇದರಲ್ಲಿ ಜೀವದ ಪ್ರಶ್ನೆಯಿದೆ. ಗಾಳಿ ಬಿಡುವ ನಿಪ್ಪಲ್ ಕ್ಯಾಲಿಪರಿನ ನೆತ್ತಿಯಲ್ಲಿರಬೇಕು. ಎಡದ ಕ್ಯಾಲಿಪರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿದ ಮಹನೀಯರಿದ್ದಾರೆ. ಬೋಲ್ಟುಗಳೆಲ್ಲ ಸರಿಯಾಗಿ ಕೂರುತ್ತವೆ, ನಿಪ್ಪಲ್ ಮಾತ್ರ ಕೆಳಗೆ ಹೋಗುತ್ತದೆ. ಆಮೇಲೆ ಎರಡು ಲೀಟರ್ ಎಣ್ಣೆ ಹರಿಸಿದರೂ ಗುಳ್ಳೆ ನೆತ್ತಿಯಲ್ಲಿ ತಪಸ್ಸಿಗೆ ಕೂತೇ ಇರುತ್ತದೆ.

ಯಾವ ಚಕ್ರ ಮೊದಲು ಎಂಬಲ್ಲಿ ಪರಂಪರೆ ಹೇಳುವುದು, ಮಾಸ್ಟರ್ ಸಿಲಿಂಡರಿನಿಂದ ದೂರದ್ದು ಮೊದಲು. ನಮ್ಮ ಬಲಗಡೆ ಸ್ಟಿಯರಿಂಗಿನ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಎಡ ಹಿಂಚಕ್ರ. ಆದರೆ ಮೂಲೆಯಿಂದ ಮೂಲೆಗೆ ನಾಳ ಎಳೆದ ಕಾರುಗಳಲ್ಲಿ ಕ್ರಮ ಬೇರೆಯಿರಬಹುದು. ಕಾರಿನ ಕೈಪಿಡಿ ಶ್ರುತಿ, ಗ್ಯಾರೇಜಿನವನ ಮಾತು ಸ್ಮೃತಿ. ಎರಡಕ್ಕೂ ವಿರೋಧ ಬಂದರೆ ಶ್ರುತಿಯೇ ಪ್ರಮಾಣವೆಂದು ಮೀಮಾಂಸಕರು ಎಂದೋ ತೀರ್ಮಾನಿಸಿಬಿಟ್ಟಿದ್ದಾರೆ. ಎಬಿಎಸ್ ಘಟಕದ ಹೊಟ್ಟೆಯೊಳಗೇ ಗಾಳಿ ಸೇರಿದ್ದರೆ ಹಲವು ಕಾರುಗಳಲ್ಲಿ ಸ್ಕ್ಯಾನರ್ ಬೇಕು. ಅಲ್ಲಿಗೆ ಗೃಹಸ್ಥಾಶ್ರಮ ಮುಗಿಯಿತು, ಮುಂದಿನದು ಸರ್ವಿಸ್ ಸೆಂಟರ್.

ವಿಧಾನಗಳಲ್ಲಿ ಮತಭೇದ ಅಪಾರ. ನಿಪ್ಪಲ್ ಸಡಿಲಿಸಿ ಎಣ್ಣೆ ತಾನಾಗಿ ತೊಟ್ಟಿಕ್ಕಲಿ ಎಂದು ಕಾಯುವವರು ಗುರುತ್ವವಾದಿಗಳು, ಇವರು ಮಧ್ಯೆ ನಿದ್ದೆ ಹೋಗುವುದುಂಟು. ಪಂಪಿನಿಂದ ಎಳೆಯುವವರು ನಿರ್ವಾತವಾದಿಗಳು. ಕೊಂಬು, ಸೋರೆಬುರುಡೆಗಳಿಂದ ರಕ್ತ ಎಳೆಯುವುದನ್ನು ಸುಶ್ರುತ ಸಂಹಿತೆಯೇ ಹೇಳಿರುವುದರಿಂದ ತಮ್ಮದು ಪ್ರಾಚೀನ ಮತವೆಂದು ಇವರು ವಾದಿಸಬಹುದು. ಆದರೆ ಎಳೆತ ಜೋರಾದಾಗ ನಿಪ್ಪಲ್ಲಿನ ಮರೆಯ ಸಂದಿಯಿಂದ ಹೊರಗಿನ ಗಾಳಿಯೇ ಟ್ಯೂಬಿಗೆ ನುಸುಳುತ್ತದೆ. ಗುಳ್ಳೆ ಬರುತ್ತಲೇ ಇರುತ್ತದೆ, ನಾಳದಲ್ಲಿ ಗಾಳಿಯೇ ಇರುವುದಿಲ್ಲ. ಹಗ್ಗವನ್ನು ಹಾವೆಂದು ಭ್ರಮಿಸುವ ದೃಷ್ಟಾಂತ ಹಳತಾಯಿತು. ವೇದಾಂತದ ಪಾಠಕ್ಕೆ ಇನ್ನು ಈ ಗುಳ್ಳೆಯನ್ನು ಪರಿಗಣಿಸಬಹುದು.

ಮೂರನೆಯದು ದಂಪತಿ ಮತ. ನಾಡಿನ ಮನೆಮನೆಯಲ್ಲಿ ಆಚರಣೆಯಲ್ಲಿರುವುದು ಇದೇ. ಯಜಮಾನ ಚಕ್ರದ ಬಳಿ ಕೂರುತ್ತಾನೆ. ಮೊದಲು ನಿಪ್ಪಲ್ಲಿಗೆ ರಿಂಗ್ ಸ್ಪ್ಯಾನರ್, ಆಮೇಲೆ ಪಾರದರ್ಶಕ ಟ್ಯೂಬು. ಇದನ್ನು ಹಿಂದುಮುಂದು ಮಾಡಿದವನು ಟ್ಯೂಬನ್ನು ಮತ್ತೆ ಕೀಳಬೇಕಾಗುತ್ತದೆ. ಟ್ಯೂಬಿನ ತುದಿ ಸ್ವಲ್ಪ ಎಣ್ಣೆಯಿರುವ ಗಾಜಿನ ಬಾಟಲಿಯಲ್ಲಿ ಮುಳುಗಿರಬೇಕು, ಇದಕ್ಕೆ ಉಪ್ಪಿನಕಾಯಿ ಬಾಟಲಿ ಶ್ರೇಷ್ಠ. ಪತ್ನಿ ಒಳಗೆ ಕೂತು ಪೆಡಲು ಒತ್ತಿ ಹಿಡಿಯುತ್ತಾಳೆ. ಅವನು ನಿಪ್ಪಲನ್ನು ಕಾಲು ಸುತ್ತು ಸಡಿಲಿಸುತ್ತಾನೆ, ಗಾಳಿಯೂ ಎಣ್ಣೆಯೂ ಹೊರಬರುತ್ತವೆ, ಬಿಗಿ ಮಾಡುತ್ತಾನೆ. ಬಿಗಿಯಾದ ಮೇಲಷ್ಟೇ ಅವಳು ಕಾಲೆತ್ತಬೇಕು. ಒಂದು ಕ್ಷಣ ಮೊದಲೆತ್ತಿದರೂ ಹೋದ ಗಾಳಿ ಬಡ್ಡಿ ಸಮೇತ ಒಳಗೆ. ಇಡೀ ಶಾಸ್ತ್ರ ನಿಂತಿರುವುದು ಎರಡು ಬಾಯಿಗಳ ನಡುವಿನ ಭಾಷೆಯ ಮೇಲೆ. ಕನ್ನಡ ಕೈಕೊಡುವುದು ಇಲ್ಲಿಯೇ. ಒಂದು ಮನೆಯ ಮುಂದೆ ದಾಖಲಾದ ಪಾಠ ಹೀಗಿದೆ:

“ಒತ್ತು.”

“ಒತ್ತಿದೀನಿ ರೀ.”

“ಹಿಡ್ಕೋ.”

“ಹಿಡ್ಕೊಂಡಿದೀನಿ. ಅಯ್ಯೋ ರೀ, ಕೆಳಗೆ ಹೋಯ್ತು!”

“ಆಯ್ತು.”

ಆಕೆ ಕಾಲೆತ್ತಿದರು. ‘ಆಯ್ತು’ ಎಂದರೆ ‘ಕೇಳಿಸಿಕೊಂಡೆ’ ಎಂದು ಯಜಮಾನರ ಮನಸ್ಸಿನಲ್ಲಿತ್ತು. ‘ಮುಗಿಯಿತು’ ಎಂದು ಆಕೆ ತಿಳಿದರು. ಎರಡೂ ಶುದ್ಧ ಕನ್ನಡ, ನಿಘಂಟು ಯಾರ ಪಕ್ಷವನ್ನೂ ವಹಿಸಲಾರದು. ಬಾಟಲಿಯಿಂದ ಎಣ್ಣೆ ಸೊರ್ರೆಂದು ಹಿಂದಕ್ಕೆ ಸೇದಿಕೊಂಡಿತು, ಟ್ಯೂಬಿನ ತುದಿ ಅಷ್ಟು ಹೊತ್ತಿಗೆ ಎಣ್ಣೆ ಬಿಟ್ಟು ಮೇಲೆದ್ದಿದ್ದರಿಂದ ಹಿಂದೆಯೇ ಗಾಳಿಯೂ ಹೋಯಿತು. ‘ಬಿಡು’ ಎಂಬ ಪದವನ್ನು ಪ್ರಯೋಗಿಸಿದಾಗಲೂ ಫಲ ಅಷ್ಟೆ. ‘ಪೆಡಲ್ ಬಿಡು’ ಎಂದೋ, ‘ಹೋಗ್ಲಿ ಬಿಡು’ ಎಂದೋ ಎಂಬ ಜಿಜ್ಞಾಸೆಯಲ್ಲಿ ಕಾಫಿ ಆರಿತು. ಕೊನೆಗೆ ಗ್ಯಾರೇಜಿನ ‘ಲೂಸ್’, ‘ಟೈಟ್’ ಎಂಬೆರಡು ಪದಗಳನ್ನು ಸಂಧಾನಸೂತ್ರವಾಗಿ ಒಪ್ಪಲಾಯಿತು: ‘ಟೈಟ್’ ಕೇಳುವ ತನಕ ಕಾಲು ಅಲ್ಲಾಡಬಾರದು. ಇಬ್ಬರೂ ಭಾಷೆಯಲ್ಲೇ ಮುಳುಗಿದ್ದಾಗ ಬಾನೆಟ್ ಕೆಳಗಿನ ಬ್ರೇಕ್ ಎಣ್ಣೆಯ ಡಬ್ಬಿ ತಳ ಕಂಡು ಮಾಸ್ಟರ್ ಸಿಲಿಂಡರೇ ಗಾಳಿ ಕುಡಿಯಿತು. ಮತ್ತೆ ಎಡ ಹಿಂಚಕ್ರದಿಂದ ಆರಂಭ.

ಮಧ್ಯಾಹ್ನ ಎರಡರ ಹೊತ್ತಿಗೆ ಪೆಡಲು ಕಲ್ಲಿನಂತೆ ನಿಂತಿತು. ನಾಲ್ಕು ನಿಪ್ಪಲ್ಲುಗಳಿಗೂ ರಬ್ಬರ್ ಟೋಪಿ ಹಾಕಿ, ಚಕ್ರ ಕೂರಿಸಿ, ಜಾಕು ಇಳಿಸಿ, ಆಕೆ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಇಂಜಿನ್ ಸ್ಟಾರ್ಟ್ ಮಾಡಿದರು.

“ರೀ, ಮತ್ತೆ ಕೆಳಗೆ ಹೋಯ್ತು!”

ಯಜಮಾನರು ಮಾತಾಡದೆ ಜಾಕಿನ ಹಿಡಿ ಎತ್ತಿಕೊಂಡರು. ಆಕೆ ಡ್ಯಾಶ್‌ಬೋರ್ಡಿನಿಂದ ಕೈಪಿಡಿ ತೆಗೆದು ಪುಟ ತಿರುವಿದರು. “ಬನ್ನಿ ಇಲ್ಲಿ. ಇಂಜಿನ್ ಸ್ಟಾರ್ಟ್ ಆದಾಗ ಪೆಡಲ್ ಸ್ವಲ್ಪ ಇಳಿದ್ರೆ ಬೂಸ್ಟರ್ ಕೆಲಸ ಮಾಡ್ತಿದೆ ಅಂತ ಅರ್ಥವಂತೆ. ಸ್ವಲ್ಪ ಇಳಿದು ಅಲ್ಲೇ ನಿಂತಿದೆ, ನೋಡಿ.”

ಅವರು ಬಗ್ಗಿ ನೋಡಿದರು. ಪುಟವನ್ನೂ ನೋಡಿದರು.

“ಆಯ್ತು,” ಅಂದರು.

“ಯಾವ ಆಯ್ತು?” ಎಂದು ಆಕೆ ಕಾಲೆತ್ತದೆ ಕೇಳಿದರು.