ಅರಳು ಮರಳಿಗೊಂದು ಕೊಳಲು

ಸಿಂದಗಿಯಲ್ಲಿ ಅರವತ್ತು ದಾಟಿದ ಗಂಡಸಿಗೆ ಏನೇನು ಅಂಟಿಕೊಳ್ಳಬೇಕು ಎಂಬುದು ಮೊದಲೇ ಠರಾವಾಗಿದೆ. ಸಕ್ಕರೆ, ಬಿಪಿ, ಮೊಣಕಾಲು ಬ್ಯಾನಿ, ಸೋಮವಾರದ ಭಜನೆ, ಸಂಜೆಯಾದರೆ ಬಸ್‌ಸ್ಟ್ಯಾಂಡಿನ ಎದುರು ಅರ್ಧ ಕಪ್ ಚಹಾದಲ್ಲಿ ಸರ್ಕಾರ ಬೀಳಿಸುವ ಚಟ. ಇವುಗಳಲ್ಲಿ ಯಾವುದು ಬಂದರೂ ಮನೆಯವರು ಗಾಬರಿಯಾಗುವುದಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದ ನನಗೆ ಅಂಟಿದ್ದು ಇಯಾನ್ ಆಂಡರ್ಸನ್. 1947ರಲ್ಲಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ ಹುಟ್ಟಿದವನು, ಜೆಥ್ರೊ ಟಲ್ ಎಂಬ ರಾಕ್ ಬ್ಯಾಂಡಿನ ಯಜಮಾನ, ಒಂಟಿಗಾಲ ಮೇಲೆ ನಿಂತು ಕೊಳಲು ಊದುವವನು. ಇದಕ್ಕೆ ಯಾವ ಡಾಕ್ಟರರ ಹತ್ತಿರವೂ ಗುಳಿಗೆ ಇಲ್ಲ.

ತಪ್ಪು ಹರಿಪ್ರಸಾದ್ ಚೌರಾಸಿಯಾ ಅವರದು. ರಾತ್ರಿ ಊಟವಾದ ಮೇಲೆ ಯೂಟ್ಯೂಬಿನಲ್ಲಿ ಅವರ ಬಾನ್ಸುರಿ ಹಚ್ಚಿಕೊಂಡು ಹಾಗೇ ಕಣ್ಣು ಮುಚ್ಚಿದ್ದೆ. ಮೊಬೈಲು ತನ್ನ ಬುದ್ಧಿಗೆ ತೋಚಿದಂತೆ ಮುಂದಿನದನ್ನು ತಾನೇ ಹಚ್ಚಿತು. ಅದೂ ಕೊಳಲೇ. ಆದರೆ ಈ ಕೊಳಲು ಕೆಮ್ಮುತ್ತಿತ್ತು, ಗುರುಗುಡುತ್ತಿತ್ತು, ನಡುನಡುವೆ ಬಯ್ಯುತ್ತಿತ್ತು. ಬಾಖನ ಒಂದು ರಚನೆಯನ್ನು ಆಂಡರ್ಸನ್ 1969ರಲ್ಲಿ ತನ್ನ ಧಾಟಿಗೆ ತಂದುಕೊಂಡಿದ್ದ ‘ಬೂರೇ’ ಅದು ಎಂದು ಆಮೇಲೆ ತಿಳಿಯಿತು. ಅಡಿಗೆಮನೆಯಿಂದ ಹೆಂಡತಿ ಹೊರಗೆ ಬಂದು, “ಏನ್ರೀ, ಯಾರಿಗೋ ದಮ್ಮ ಹತ್ತಿದಂಗ ಕೇಳಸ್ತು?” ಎಂದಳು. ನನಗೆ ಹತ್ತಿದೆಯೆಂದು ಹೆದರಿ ಬಂದಿದ್ದಳು. ನಾನು ನೆಟ್ಟಗೆ ಕೂತಿದ್ದು ನೋಡಿ ಅವಳಿಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು.

ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡಿ ಕೇಳಿದೆ. “ಅಪ್ಪಾ, ಅದು ಪ್ರೊಗ್ರೆಸಿವ್ ರಾಕ್” ಎಂದ. ಮೂರು ನಿಮಿಷದಲ್ಲಿ ಮುಗಿಯಬೇಕಾದ ರಾಕ್ ಹಾಡಿಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಜಾಝು, ಜಾನಪದ ಎಲ್ಲ ಕೂಡಿಸಿ, ತಾಳ ಮುರಿದು ಕಟ್ಟಿ, ಅರ್ಧ ತಾಸಿಗೆ ಎಳೆಯುವ ವಿದ್ಯೆಯಂತೆ. ಬೆಂಗಳೂರಿನ ಅಗಂ ಬ್ಯಾಂಡಿನವರು ಕರ್ನಾಟಕ ಸಂಗೀತವನ್ನೇ ಈ ಹದಕ್ಕೆ ತಂದಿದ್ದಾರೆ, ಅಲ್ಲಿಂದ ಶುರು ಮಾಡು ಎಂದ. ಕೇಳಿದೆ, ಚಲೋ ಇತ್ತು. ಆದರೆ ಅಷ್ಟರೊಳಗೆ ನನ್ನ ಮನಸ್ಸು ಒಂಟಿಗಾಲ ಮೇಲೆ ನಿಂತುಬಿಟ್ಟಿತ್ತು.

ಮನೆಯಲ್ಲಿ ನನ್ನ ಪಕ್ಷಕ್ಕೆ ಮೊದಲ ಮತ ಬೀಳಬಹುದಾಗಿದ್ದದ್ದು ಅವ್ವನದು. ಯಾಕೆಂದರೆ ಜೆಥ್ರೊ ಟಲ್ ಅಸಲಿಗೆ ಒಬ್ಬ ಒಕ್ಕಲಿಗ. 1674ರಲ್ಲಿ ಹುಟ್ಟಿದ ಇಂಗ್ಲೆಂಡಿನವನು. 1701ರಲ್ಲಿ ಸಾಲು ಹಿಡಿದು ಬಿತ್ತುವ ಯಂತ್ರ ಮಾಡಿದವನೆಂದು ಅಲ್ಲಿಯ ಪಾಠಪುಸ್ತಕಗಳಲ್ಲಿ ಖಾಯಂ ಆಗಿ ಕೂತಿದ್ದಾನೆ. ಈ ಹುಡುಗರ ಬ್ಯಾಂಡು 1967–68ರಲ್ಲಿ ಎಷ್ಟು ಕೆಟ್ಟದಾಗಿ ಬಾರಿಸುತ್ತಿತ್ತೆಂದರೆ, ಮತ್ತೆ ಕರೆಯಲಿ ಎಂದು ಕಾರ್ಯಕ್ರಮಕ್ಕೊಂದು ಹೆಸರು ಇಟ್ಟುಕೊಳ್ಳುತ್ತಿದ್ದರು. ಲಂಡನ್ನಿನ ಮಾರ್ಕೀ ಕ್ಲಬ್ಬಿನವರು ಮತ್ತೆ ಕರೆದ ದಿನ ಇದ್ದ ಹೆಸರು ಒಕ್ಕಲಿಗನದು. ಅದೇ ಗಟ್ಟಿಯಾಯಿತು.

ಇದನ್ನೆಲ್ಲ ಅವ್ವನ ಮುಂದೆ ಭಕ್ತಿಯಿಂದ ಬಿಚ್ಚಿದೆ. ಅವ್ವ ಎಲೆ ಅಡಿಕೆ ಜಗಿಯುವುದು ನಿಲ್ಲಿಸಿದಳು.

“ಸಾವಿರದ ಏಳನೂರಾ ಒಂದರಾಗ ಅಂವ ಕೂರಿಗಿ ಕಂಡ ಹಿಡದಾ? ಅಲ್ಲೀತನಕ ನಮ್ಮ ಮಂದಿ ಎರಿ ಹೊಲದಾಗ ಏನ ಮಾಡತಿದ್ರೋ? ಕುಂತ ಅಳತಿದ್ರೇನು?”

ಹಿಂಗಾರಿ ಜೋಳಕ್ಕೆ ಕೂರಿಗೆಯ ಹಿಂದೆ ನಡೆದು ಬಟ್ಟಲಿಗೆ ಬೀಜ ಬಿಟ್ಟವಳು ಅವ್ವ. ಹಿಡಿ ಸಡಿಲಾದರೆ ಸಾಲು ದಟ್ಟ, ಬಿಗಿಯಾದರೆ ತೆಳ್ಳಗೆ; ಬೆರಳ ಸಂದಿನಿಂದ ಕಾಳು ಎತ್ತಿನ ಹೆಜ್ಜೆಗೆ ಸರಿಯಾಗಿ ಇಳಿಯಬೇಕು. ಅದನ್ನು ಕೂತಲ್ಲೇ ಖಾಲಿ ಕೈಯಲ್ಲಿ ಮಾಡಿ ತೋರಿಸಿದಳು. ಹೆಬ್ಬೆರಳು ಕಿರುಬೆರಳಿನವರೆಗೆ ಸರಿದು ಮತ್ತೆ ಬಂತು, ಲಯ ಒಂದಿಷ್ಟೂ ತಪ್ಪಲಿಲ್ಲ. ದಕ್ಷಿಣ ಭಾರತದ ಕೂರಿಗೆಯನ್ನು ಕಂಡು ಬೆರಗಾದ ಬ್ರಿಟಿಷ್ ಕ್ಯಾಪ್ಟನ್ ಹಾಲ್ಕಾಟ್ 1795ರಲ್ಲಿ ಬರೆದ ಕಾಗದಗಳನ್ನು ಇತಿಹಾಸಕಾರ ಧರಂಪಾಲರು ತಮ್ಮ 1971ರ ಪುಸ್ತಕದಲ್ಲಿ ಸೇರಿಸಿದ್ದಾರೆ. ಅವ್ವ ಧರಂಪಾಲರನ್ನು ಓದಿಲ್ಲ. ಓದುವ ಜರೂರತ್ತೂ ಬೀಳಲಿಲ್ಲ. ಬೀಜ ಬಿಡುವ ಉಪಾಯ ಟಲ್‌ಗೆ ಹೊಳೆದದ್ದು ಆರ್ಗನ್ನಿನ ಒಳಗಿನ ನಾಲಗೆ, ಸ್ಪ್ರಿಂಗುಗಳಿಂದ ಎಂದು ಹೇಳಿ ಸಂಗೀತದ ಕಡೆ ಮಾತು ತಿರುಗಿಸಲು ನೋಡಿದೆ. “ಹಂಗಾರ ಭಜನಿ ಪೆಟಿಗಿ ಬಿಚ್ಚಿ ನೀನೂ ಒಂದ ಕೂರಿಗಿ ಮಾಡು” ಎಂದು ಎದ್ದು ಹೋದಳು. ಮತ ಬೀಳಲಿಲ್ಲ.

ಆಮೇಲೆ ತಾಳದ ಪ್ರಕರಣ. ಜೆಥ್ರೊ ಟಲ್‌ನ ‘ಲಿವಿಂಗ್ ಇನ್ ದ ಪಾಸ್ಟ್’ ಐದು ಮಾತ್ರೆಯ ಹಾಡು. 1969ರಲ್ಲಿ ಬ್ರಿಟನ್ನಿನಲ್ಲಿ ಮೂರನೆಯ ಸ್ಥಾನದವರೆಗೆ ಏರಿತ್ತು. ಗಣಿತದ ಮಾಸ್ತರನಿಗೆ ಐದು ಸಿಕ್ಕರೆ ಬಿಡುವನೇ? ಅಡಿಗೆಮನೆಯ ಬಾಗಿಲಲ್ಲಿ ನಿಂತು ಬೆರಳು ಮಡಿಸುತ್ತ ಎಣಿಸುತ್ತಿದ್ದೆ. ಒಳಗೆ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಬಲಗೈ ಬಡಿತಕ್ಕೆ ಎಡಗೈ ರೊಟ್ಟಿಯನ್ನು ಚೂರು ತಿರುಗಿಸುತ್ತದೆ, ಮತ್ತೆ ಬಡಿತ, ಮತ್ತೆ ಚೂರು; ಅಂಚು ಎಲ್ಲಿಯೂ ಸೀಳದೆ ರೊಟ್ಟಿ ಅಗಲವಾಗುತ್ತ ಹೋಗುತ್ತದೆ. ಅವಳದು ಅಪ್ಪಟ ನಾಲ್ಕು. ನನ್ನ ಐದೂ ಅವಳ ನಾಲ್ಕೂ ಇಪ್ಪತ್ತಕ್ಕೊಮ್ಮೆ ಮಾತ್ರ ಕೂಡುತ್ತಿದ್ದವು. ಲ.ಸಾ.ಅ. ಕಣ್ಣೆದುರೇ ನಡೆಯುತ್ತಿದ್ದ ಖುಷಿಯಲ್ಲಿ ಬಾಯಿ ಜಾರಿತು:

“ಒಂದ ಏಟು ಜಾಸ್ತಿ ಬಡದರ ಐದ ಆಗ್ತದ ನೋಡು.”

“ಒಂದ ರೊಟ್ಟಿ ಕಮ್ಮಿ ಮಾಡಿದ್ರ ನಿಮಗ ಎಷ್ಟ ಆಗ್ತಾವ, ಅದನ್ನೂ ಎಣಸ್ರಿ.”

ಅಂದು ರಾತ್ರಿ ಎಣಿಸುವುದು ಕಷ್ಟವಾಗಲಿಲ್ಲ. ಒಂದೇ ಇತ್ತು.

ಮನೆಯಲ್ಲಿ ಬೆಲೆ ಸಿಗದ ಕಲಾವಿದರೆಲ್ಲ ಕೊನೆಗೆ ಭಜನಾ ಮಂಡಳಿಗೆ ಹೋಗುತ್ತಾರೆ. ಅಲ್ಲಿ ತಬಲಾ ಬಾರಿಸುವ ಕಾಕಾಗೆ ಅದೇ ಹಾಡು ಕೇಳಿಸಿದೆ. ಕಾಕಾ ಕಣ್ಣು ಮುಚ್ಚಿ ತೊಡೆ ತಟ್ಟಿದರು, ತಪ್ಪಿದರು, ಮತ್ತೆ ತಟ್ಟಿದರು. “ಝಪತಾಲ ಅರ್ಧಕ್ಕ ಕಡದಂಗ ಅದ ಮಾಸ್ತರ. ಹುಡುಗ ಶಾಣ್ಯಾ ಇದ್ದಾನ, ಗುರು ಸಿಕ್ಕಿಲ್ಲ” ಎಂದು ತೀರ್ಪು ಕೊಟ್ಟರು. ಹುಡುಗನಿಗೆ ಎಂಬತ್ತರ ಹತ್ತಿರ ಎಂದು ನಾನು ಹೇಳಲಿಲ್ಲ. ಗುರು ಸಿಕ್ಕಿಲ್ಲ ಎಂಬುದಂತೂ ನಿಜವೇ. ಆಂಡರ್ಸನ್ ಮೊದಲು ಗಿಟಾರು ಬಾರಿಸುತ್ತಿದ್ದ. ಎರಿಕ್ ಕ್ಲಾಪ್ಟನ್ನನನ್ನು ಕೇಳಿ, ಇವನ ಮುಂದೆ ನನ್ನ ಬೇಳೆ ಬೇಯುವುದಿಲ್ಲ ಎಂದು ಗಿಟಾರು ಕೊಟ್ಟು ಕೊಳಲು ತಂದುಕೊಂಡ. ತನ್ನಷ್ಟಕ್ಕೆ ತಾನೇ ಕಲಿತ. ಅದೇ ಕೊಳಲಿಗೆ 1989ರಲ್ಲಿ ಗ್ರಾಮಿ ಬಂತು, ಅದೂ ಮೆಟಾಲಿಕಾದಂಥ ಗುಡುಗು ಸಿಡಿಲಿನ ಬ್ಯಾಂಡನ್ನು ಹಾರ್ಡ್ ರಾಕ್/ಮೆಟಲ್ ವಿಭಾಗದಲ್ಲೇ ಹಿಂದೆ ಹಾಕಿ. ಗೆಲ್ಲುವುದಿಲ್ಲ ಬಿಡು ಎಂದು ಬ್ಯಾಂಡಿನವರು ಸಮಾರಂಭಕ್ಕೇ ಹೋಗಿರಲಿಲ್ಲ.

ಜಾತ್ರೆಯಲ್ಲಿ ಮೊಮ್ಮಗಳಿಗೆ ಕೊಡಿಸಿದ್ದ ಬಿದಿರಿನ ಕೊಳಲು ಮೂಲೆಯಲ್ಲಿ ಬಿದ್ದಿತ್ತು. ಮಾಳಿಗೆ ಹತ್ತಿ, ಬಲಗಾಲು ಮಡಿಸಿ, ಪಾದವನ್ನು ಎಡ ಮೊಣಕಾಲಿಗೆ ಊರಿ ಊದತೊಡಗಿದೆ. ಸ್ವರ ಹೊರಡಲಿಲ್ಲ, ಗಾಳಿ ಹೊರಟಿತು. ಪಕ್ಕದ ಮಾಳಿಗೆಯಲ್ಲಿ ಹಪ್ಪಳ ಒಣಹಾಕುತ್ತಿದ್ದ ಅಕ್ಕೋರು ಬಹಳ ಹೊತ್ತು ನೋಡಿದರು. ಮರುದಿನ ಅವರ ಯಜಮಾನರು ಬಂದು, “ಸರ, ಮೊಣಕಾಲಿಗೆ ಭಾರೀ ಚಲೋ ಅಂತಲ್ರೀ ಆ ಆಸನ, ನಮಗೂ ಹೇಳಿಕೊಡ್ರಿ” ಎಂದರು. ಕೊಳಲು ಯಾಕೆಂದು ಕೇಳಿದ್ದಕ್ಕೆ ಪ್ರಾಣಾಯಾಮ ಎಂದೆ. ಈಗ ನಸುಕಿನಲ್ಲಿ ನಮ್ಮ ಓಣಿಯ ಹಿರಿಯ ನಾಗರಿಕರು ಸಾಲಾಗಿ ಒಂಟಿಗಾಲ ಮೇಲೆ ನಿಲ್ಲುತ್ತಾರೆ. ಪ್ರೊಗ್ರೆಸಿವ್ ರಾಕ್ ಸಿಂದಗಿಗೆ ಬಂದ ದಾರಿ ಇದು. ಬಂದದ್ದು ಅವರಿಗೆ ಗೊತ್ತಿಲ್ಲ, ಅಷ್ಟೆ.

ಮೊಮ್ಮಗಳು ಮಾತ್ರ ಮೋಸ ಹೋಗಲಿಲ್ಲ. “ಮುತ್ಯಾ, ನಿನ್ನ ಬಳ್ಳ ತಪ್ಪು ಅದಾವ” ಎಂದಳು. ಆ ಮಾತಿಗೆ ನಾನು ಕುಣಿದಾಡುವುದೊಂದು ಬಾಕಿ. 1990ರ ದಶಕದಲ್ಲಿ ಆಂಡರ್ಸನ್ನನ ಮಗಳು ಕೊಳಲು ಕಲಿಯಲು ಹೋದಾಗಲೇ ಅಪ್ಪ ಇಷ್ಟು ವರ್ಷ ಬೆರಳು ತಪ್ಪಿಟ್ಟು ಜಗತ್ತು ಗೆದ್ದಿದ್ದಾನೆಂಬುದು ಹೊರಬಿತ್ತು. ಆತ ಮತ್ತೆ ಮೊದಲಿನಿಂದ ಕಲಿತ. ಹಾಗಾದರೆ ತಪ್ಪು ಬೆರಳಿನ ಮಟ್ಟಿಗೆ ನಾನೂ ಅವನೂ ಸಮಾ ಸಮ. ಉಳಿದದ್ದು ಬರೀ ಸಂಗೀತ.

ಹೆಂಡತಿ ಸ್ವಲ್ಪ ಮೆತ್ತಗಾದದ್ದು ಬೇರೆ ಸುದ್ದಿಗೆ. ಆಂಡರ್ಸನ್ನನಿಗೆ ಮೆಣಸಿನಗಿಡ ಬೆಳೆಸುವ ಹವ್ಯಾಸ, ನಮ್ಮ ದೇಶದ ಅಡಿಗೆಯೆಂದರೆ ಜೀವ, ಕಾರು ಓಡಿಸುವ ಪರೀಕ್ಷೆಗೆ ಜನ್ಮದಲ್ಲಿ ಕೂತವನಲ್ಲ ಎಂದು ಓದಿ ಹೇಳಿದೆ. “ಬ್ಯಾಡಗಿನೋ, ಗುಂಟೂರೋ?” ಎಂದು ಕೇಳಿದಳು. ಕಲಾವಿದನ ಬಗ್ಗೆ ಅವಳು ಕೇಳಿದ ಮೊದಲ ಗಂಭೀರ ಪ್ರಶ್ನೆ ಅದು.

ಅಂದಿನಿಂದ ಒಂದು ಒಪ್ಪಂದ ನಡೆದಿದೆ. ಹಾಡು ಹಚ್ಚಬಹುದು, ಆದರೆ ಕೈ ಖಾಲಿ ಇರಕೂಡದು. 1972ರ ‘ಥಿಕ್ ಆ್ಯಸ್ ಎ ಬ್ರಿಕ್’ ಸುಮಾರು 44 ನಿಮಿಷದ ಒಂದೇ ಹಾಡು. ಎಲ್‌ಪಿಯ ಎರಡೂ ಬದಿಗೆ ಹಂಚಿ ಹಾಕಿದ್ದರು, ಹೊದಿಕೆಯನ್ನೇ ಹನ್ನೆರಡು ಪುಟದ ಪತ್ರಿಕೆಯಂತೆ ಛಾಪಿಸಿದ್ದರು. ಉದ್ದುದ್ದ ಹಾಡಿನವರನ್ನು ಅಣಕಿಸಲೆಂದು ಮಾಡಿದ್ದನ್ನು ಜನ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿಸಿಬಿಟ್ಟರು. ಅದು ಮುಗಿಯುವಷ್ಟರಲ್ಲಿ ನಾನು ಒಂದು ಮೊರ ಜೋಳ, ಎರಡು ಮೊರ ತೊಗರಿ ಹಸನು ಮಾಡಿರುತ್ತೇನೆ. ಐವತ್ತು ವರ್ಷ ತಡವಾಗಿ ಅಭಿಮಾನಿಯಾದರೆ ಇದೊಂದು ಲಾಭ: ಮುಂದಿನ ಆಲ್ಬಮ್ಮಿಗೆ ಕಾಯಬೇಕಿಲ್ಲ. 1968ರಿಂದ 2025ರವರೆಗಿನ ಫಸಲು ಒಮ್ಮೆಲೇ ಕಣಕ್ಕೆ ಬಂದು ಬಿದ್ದಿದೆ.

ನಿನ್ನೆ ಹಾಡು ಮುಗಿದರೂ ಮೊರದಲ್ಲಿ ಕಾಳು ಉಳಿದಿತ್ತು. ಹೆಂಡತಿ ಮೊಬೈಲಿನ ಕಡೆ ನೋಡಿದಳು.

“ಇಷ್ಟ ಉದ್ದಂದು ಇನ್ನೊಂದ ಇಲ್ಲೇನ್ರೀ?”

“ಅದ. ಮರುವರ್ಷದ್ದು, ‘ಎ ಪ್ಯಾಶನ್ ಪ್ಲೇ’. ಭಾಳ ಉದ್ದ ಆತು ಅಂತ ಅಲ್ಲಿ ಪತ್ರಿಕಿಯವ್ರು ಬೈದಿದ್ರು.”

“ಬೈಲಿ ಬಿಡ್ರಿ, ಅವ್ರಿಗೇನ ಕೆಲಸ. ಹಚ್ಚರಿ. ನಾಳಿಗಿ ಮೆಣಸಿನಕಾಯಿ ತುಂಬು ಬಿಡಸೂದದ, ಹತ್ತ ಕಿಲೋ.”