ಪ್ರೈವೇಟಣ್ಣ

ಊರಿಗೊಬ್ಬ ಜ್ಯೋತಿಷಿ, ಒಬ್ಬ ನಾಟಿ ವೈದ್ಯ, ಒಬ್ಬ ಚುನಾವಣಾ ಪಂಡಿತ ಇರುವ ಹಾಗೆ ಈಗ ತಾಲ್ಲೂಕು ಕೇಂದ್ರಕ್ಕೊಬ್ಬ ಡೇಟಾ ರಕ್ಷಕನೂ ಇರುತ್ತಾನೆ. ಶ್ರೀನಿವಾಸಪುರದವನು ಬಸ್ ಸ್ಟ್ಯಾಂಡಿನ ಹಿಂದೆ ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿಗಳ ಅಂಗಡಿ ಇಟ್ಟುಕೊಂಡಿದ್ದಾನೆ. ಏನು ಕೇಳಿದರೂ "ಅದು ಪ್ರೈವೆಸಿ ಮ್ಯಾಟ್ರು ಕಣಣ್ಣ" ಎಂದೇ ಶುರುಮಾಡುತ್ತಿದ್ದುದರಿಂದ ಮೊದಲು ಪ್ರೈವೆಸಿ ಅಣ್ಣನಾಗಿ, ಆಮೇಲೆ ಮಾವಿನ ಸೀಸನ್ನಿಗೆ ಮಂಡಿಗೆ ಬರುವ ರೈತರ ಬಾಯಲ್ಲಿ ಪ್ರೈವೇಟಣ್ಣನಾದ. ಹೊಸಬರು ಇವನನ್ನು ಚಿಂತಾಮಣಿ ಬಸ್ಸಿನ ಏಜೆಂಟ್ ಅಂದುಕೊಂಡು ಎರಡು ಸೀಟು ಕೇಳುವುದೂ ಉಂಟು.

ಇವನ ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಗಾಯದ ಪ್ಲಾಸ್ಟರ್ ಅಂಟಿಸಿದೆ. 2016ರಲ್ಲಿ ಫೇಸ್‌ಬುಕ್ಕಿನ ಜುಕರ್‌ಬರ್ಗ್ ಹಾಕಿದ ಫೋಟೋ ಒಂದರಲ್ಲಿ ಆತನ ಲ್ಯಾಪ್‌ಟಾಪಿಗೂ ಟೇಪು ಅಂಟಿಸಿದ್ದು ಕಂಡಿತಲ್ಲ, ಅವತ್ತಿನಿಂದ. "ಮಿಠಾಯಿ ಮಾಡೋನೇ ಮಿಠಾಯಿ ತಿನ್ನಲ್ಲ ಅಂದ್ರೆ ಏನರ್ಥ?" ಎಂದು ಕೇಳುತ್ತಾನೆ. ಕಂಪ್ಯೂಟರಿನಲ್ಲಿ ಲಿನಕ್ಸ್. ನುಡಿ ತಂತ್ರಾಂಶದಲ್ಲಿ ಟೈಪಾದ ಅರ್ಜಿಗಳನ್ನು ತೆರೆಯಲು ಮಾತ್ರ ಒಂದು ಹಳೆಯ ವಿಂಡೋಸ್ ಇದೆ, ಅದಕ್ಕೆ ಇಂಟರ್‌ನೆಟ್ ತಾಗಿಸಿಲ್ಲ. ಫೋನಿಗೆ ಚಕ್ಕುಲಿಯ ಸ್ಟೀಲ್ ಡಬ್ಬಿಯೇ ಮನೆ. ಡಬ್ಬಿ ಮುಚ್ಚಿದರೆ ಸಿಗ್ನಲ್ ಒಳಗೆ ಹೋಗದು ಎಂಬುದು ಶಾಸ್ತ್ರ. ಡಬ್ಬಿಯೊಳಗಿಂದಲೇ ಅದು ರಿಂಗಾದಾಗ ಮುಚ್ಚಳ ಸರಿಯಾಗಿ ಕೂತಿಲ್ಲ ಅನ್ನುತ್ತಾನೆ.

ತಂತ್ರಜ್ಞಾನದ ಯಾವ ಸುದ್ದಿ ಬಂದರೂ ಅದು ಇವನಿಗೆ ಮೊದಲೇ ಗೊತ್ತಿತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಒಂದು ಅಪ್‌ಡೇಟ್ ಕೈಕೊಟ್ಟು, ಜಗತ್ತಿನಾದ್ಯಂತ ವಿಂಡೋಸ್ ಕಂಪ್ಯೂಟರುಗಳು ನೀಲಿಗಟ್ಟಿ, ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರಲ್ಲ, ಆ ಸಂಜೆ ಇವನು ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಟೀ ಕೊಡಿಸಿದ. "ನಮ್ ಸಿಸ್ಟಂ ನೋಡಿ, ಅಲ್ಲಾಡ್ಲಿಲ್ಲ!" ಬಟ್ಟೆ ಅಂಗಡಿಯ ಕಂಪ್ಯೂಟರಿನಲ್ಲಿ ವಿಂಡೋಸೇ ಇದ್ದರೂ ಅದೂ ಅಲ್ಲಾಡಿರಲಿಲ್ಲ. ಆ ಕಂಪನಿಯ ದುಬಾರಿ ಸಾಫ್ಟ್‌ವೇರ್ ಕೊಂಡವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಟೀ ಕುಡಿಯುತ್ತಿದ್ದವರು ಅದನ್ನು ಹೇಳಲು ಹೋಗಲಿಲ್ಲ. 2025ರ ಬೇಸಿಗೆಯಲ್ಲಿ ಎಲ್ಲರೂ ತಮ್ಮ ಫೋಟೋವನ್ನು ಚಾಟ್‌ಜಿಪಿಟಿಗೆ ಕೊಟ್ಟು ಜಪಾನಿನ ಜಿಬ್ಲಿ ಗೊಂಬೆಗಳಾಗುತ್ತಿದ್ದಾಗ ಇವನು ಮುಖದ ಡೇಟಾ ಬಗ್ಗೆ ವಾರಗಟ್ಟಲೆ ಉಪದೇಶ ಮಾಡಿದ. ಅಷ್ಟರಲ್ಲಿ ಹೆಂಡತಿಯ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ದೊಡ್ಡ ಕಣ್ಣಿನ ಪ್ರೈವೇಟಣ್ಣ ಮಾವಿನ ಮರದಡಿ ನಿಂತು ನಗುತ್ತಿದ್ದ. "ಚೆನ್ನಾಗಿ ಬಂದೈತೆ ಸುಮ್ನಿರ್ರೀ, ನಿಮ್ಮ ಆಧಾರ್ ಫೋಟೋಗಿಂತ ಪರವಾಗಿಲ್ಲ" ಎಂದರಂತೆ ಆಕೆ. ಅದೇ ವರ್ಷದ ಡಿಸೆಂಬರಿನಲ್ಲಿ, ಹೊಸ ಫೋನುಗಳಲ್ಲೆಲ್ಲ ಸಂಚಾರ್ ಸಾಥಿ ಆ್ಯಪ್ ಕಡ್ಡಾಯವೆಂಬ ಆದೇಶವನ್ನು ಕೇಂದ್ರ ಸರ್ಕಾರ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಆ ಹೊತ್ತಿಗೆ ಇವನದೂ ಒಂದು ಆಕ್ಷೇಪಣಾ ಪತ್ರ ಸ್ಪೀಡ್ ಪೋಸ್ಟಿನಲ್ಲಿ ಹೊರಟಿತ್ತು. ಈಮೇಲ್ ಇವನು ನಂಬುವುದಿಲ್ಲ. ಪತ್ರ ಕೋಲಾರ ದಾಟುವುದರೊಳಗೆ ಗೆಲುವು ಸಿಕ್ಕಿತ್ತಾದರೂ ಅದನ್ನು ತನ್ನ ಲೆಕ್ಕಕ್ಕೇ ಬರೆದುಕೊಂಡಿದ್ದಾನೆ.

ರಾಜಕೀಯಕ್ಕೂ ಇವನಲ್ಲಿ ಇದೊಂದೇ ಅಳತೆ. ರಾಮಕೃಷ್ಣ ಹೆಗಡೆಯವರು 1988ರಲ್ಲಿ ಫೋನ್ ಕದ್ದಾಲಿಕೆ ಆರೋಪದ ಮೇಲೆ ಮುಖ್ಯಮಂತ್ರಿ ಕುರ್ಚಿ ಬಿಟ್ಟರು ಎಂಬುದು ಇವನ ಪ್ರಕಾರ ಕರ್ನಾಟಕದ ಇತಿಹಾಸದ ದೊಡ್ಡ ಘಟನೆ. ಏಕೀಕರಣಕ್ಕೆ ಎರಡನೇ ಸ್ಥಾನ. 2019ರಲ್ಲಿ ಮೈತ್ರಿ ಸರ್ಕಾರ ಅಲುಗಾಡುತ್ತಿದ್ದಾಗ ರಾಜ್ಯದ ನಾಯಕರ ಆಪ್ತ ಕಾರ್ಯದರ್ಶಿಗಳ ನಂಬರುಗಳು ಇಸ್ರೇಲಿನ ಗೂಢಚರ ತಂತ್ರಾಂಶ ಪೆಗಾಸಸ್‌ನ ಪಟ್ಟಿಯಲ್ಲಿದ್ದವು ಎಂದು 2021ರ ಜುಲೈನಲ್ಲಿ ವರದಿಯಾದದ್ದೇ ತಡ, ಫೋನಿಗೆ ಎರಡನೆಯ ಡಬ್ಬಿ ಬಂತು. "ಆವಾಗ ಸ್ಪೀಕರ್ ಯಾರು? ರಮೇಶ್ ಕುಮಾರ್ ಅವರು. ಯಾವ ಕ್ಷೇತ್ರ? ನಮ್ದು. ಅಂದ್ಮೇಲೆ ಕ್ಷೇತ್ರದ ಮೇಲೂ ಕಣ್ಣು ಬಿದ್ದಿರುತ್ತೆ ತಾನೆ?" ಇಸ್ರೇಲಿನಲ್ಲಿ ಕೂತು ಯಾರೋ ಇವನ ಜೆರಾಕ್ಸ್ ಅಂಗಡಿಯ ಮಾತುಕತೆಯನ್ನು ಕೇಳಿಸಿಕೊಂಡಿದ್ದರೆ, ತೋತಾಪುರಿ ರೇಟಿನ ಬಗ್ಗೆ ಚೆನ್ನಾಗಿ ತಿಳಿದುಕೊಂಡಿರುತ್ತಾರೆ.

ಯಾವ ಆ್ಯಪಿಗೂ ನಿಜವಾದ ವಿವರ ಕೊಡುವುದಿಲ್ಲ. ಹುಟ್ಟಿದ ಊರು ಎಂದಿದ್ದರೆ 'ಪಾಪನಪಲ್ಲಿ' ಎಂದು ತುಂಬುತ್ತಾನೆ. ದಿವಾನ್ ಪೂರ್ಣಯ್ಯನವರು ಶ್ರೀನಿವಾಸಪುರ ಎಂದು ಕರೆಯುವುದಕ್ಕೆ ಮುಂಚೆ ಊರಿಗಿದ್ದ ಹೆಸರು ಅದು. ಜನ್ಮದಿನಾಂಕವೂ ಸುಳ್ಳು. ಇದನ್ನು ಇವನು ದೊಡ್ಡ ತಂತ್ರವೆಂದು ಹೇಳಿಕೊಳ್ಳುವಾಗ ನನಗೆ ನಗು ಬರುತ್ತದೆ. ನಮ್ಮ ಕಡೆಯ ಹಿರಿಯರಲ್ಲಿ ಬಹಳ ಜನ ಜೂನ್ 1ರಂದೇ ಹುಟ್ಟಿದವರು, ಶಾಲೆಗೆ ಸೇರಿಸಿಕೊಂಡ ಮೇಷ್ಟ್ರ ಕೃಪೆ. ಇನ್ನು ಹೆಸರು. ಪಹಣಿಯಲ್ಲಿ ನಾರಾಯಣಪ್ಪ ಬಿನ್ ದೊಡ್ಡಮುನಿಯಪ್ಪ, ಆಧಾರಿನಲ್ಲಿ ನಾರಾಯಣಸ್ವಾಮಿ ಎಂ., ರೇಷನ್ ಕಾರ್ಡಿನಲ್ಲಿ ನಾರೆಪ್ಪ, ಪಾಸ್‌ಬುಕ್ಕಿನಲ್ಲಿ ನಾರಾಯನಪ. ನಾಲ್ವರೂ ಒಬ್ಬರೇ, ಬೆಂಚಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದಾರೆ. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸಲು ಹೊರಟ ಗ್ರಾಮ ಆಡಳಿತಾಧಿಕಾರಿಗಳು ಈ ಗೂಢಲಿಪಿಯ ಮುಂದೆ ಕೂತು ಬೆವರಿದ್ದನ್ನು ನೋಡಿದವರಿಗೆ, ಕ್ಯಾಲಿಫೋರ್ನಿಯಾದವರು ಇದನ್ನು ಬಿಡಿಸಿಯಾರು ಎಂಬ ಭಯವೇ ಉಳಿಯದು.

ಆದರೆ ಒಂದು ವಿಷಯದಲ್ಲಿ ಪ್ರೈವೇಟಣ್ಣ ಹೇಳಿದ್ದು ಅಕ್ಷರಶಃ ನಿಜವಾಯಿತು. "ಕ್ರಯಪತ್ರದಲ್ಲಿ ಹೆಬ್ಬೆಟ್ಟೂ ಐತೆ, ಆಧಾರ್ ನಂಬರೂ ಐತೆ. ಆ ಪತ್ರ ಆನ್‌ಲೈನಾಗೆ ಸಿಗುತ್ತೆ. ಇನ್ನೇನು ಬೇಕು ಕಳ್ಳಂಗೆ?" ಎಂದು ಮೊದಲಿನಿಂದ ಬಡಿದುಕೊಳ್ಳುತ್ತಿದ್ದ. 2023ರಲ್ಲಿ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಇಳಿಸಿಕೊಂಡ ಪತ್ರಗಳ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯ ಯಂತ್ರಕ್ಕೆ ಒತ್ತಿ, ಖಾತೆಗಳಿಂದ ಹಣ ಎಗರಿಸಿದ ಪ್ರಕರಣಗಳು ಬೆಂಗಳೂರಿನಲ್ಲಿ ಬಯಲಾದವು. ಆ ಪಾವತಿಗೆ ಒಟಿಪಿ ಬೇಡ, ಪಿನ್ ಬೇಡ. ನಂಬರು, ಬ್ಯಾಂಕಿನ ಹೆಸರು, ಹೆಬ್ಬೆಟ್ಟು ಸಾಕು. ಪಾಸ್‌ವರ್ಡ್ ಕಳೆದರೆ ಬದಲಾಯಿಸಬಹುದು, ಹೆಬ್ಬೆಟ್ಟು ಕಳೆದರೆ ಎಲ್ಲಿಂದ ತರುವುದು? ಸೈಟು ಮಾರಿದ್ದವರು, ಜಮೀನು ಭಾಗ ಮಾಡಿಕೊಂಡಿದ್ದವರು, ಎಲ್ಲರೂ ಅಂಗಡಿಗೆ ನುಗ್ಗಿದರು. ಇವನೂ ಊಟ ಬಿಟ್ಟು ಕೂತು, ಒಬ್ಬೊಬ್ಬರದೂ ಆಧಾರ್ ಬಯೋಮೆಟ್ರಿಕ್ಕನ್ನು ಲಾಕ್ ಮಾಡಿಕೊಟ್ಟ. ದುಡ್ಡನ್ನೂ ತೆಗೆದುಕೊಳ್ಳಲಿಲ್ಲ.

ಮುಂದಿನ ತಿಂಗಳು ನ್ಯಾಯಬೆಲೆ ಅಂಗಡಿಯಲ್ಲಿ ಯಾರ ಹೆಬ್ಬೆಟ್ಟೂ ಹತ್ತಲಿಲ್ಲ. ಮೊದಮೊದಲು ಅಂಗಡಿಯವನು ಮಾವಿನ ಸೊನೆ ತಾಗಿ ಬೆರಳು ಸವೆದಿದೆ ಎಂದು ಎಣ್ಣೆ ಹಚ್ಚಿಸಿದ, ಬಟ್ಟೆಯಲ್ಲಿ ಒರೆಸಿದ, ಹತ್ತೂ ಬೆರಳು ಒತ್ತಿಸಿದ. ಆಮೇಲೆ ಖಾಲಿ ಚೀಲ ಹಿಡಿದ ಮೆರವಣಿಗೆ ಬಸ್ ಸ್ಟ್ಯಾಂಡಿನ ಹಿಂದಕ್ಕೆ ಹೊರಟಿತು. ಲಾಕ್ ತಾತ್ಕಾಲಿಕವಾಗಿ ತೆಗೆದರೆ ಹತ್ತು ನಿಮಿಷ ಮಾತ್ರ ತೆರೆದಿರುತ್ತದೆ, ಅಷ್ಟರಲ್ಲಿ ಹೋಗಿ ಒತ್ತಬೇಕು ಎಂದು ಇವನು ವಿವರಿಸಿದ. ಕ್ಯೂ ಇದ್ದದ್ದು ಒಂದು ಗಂಟೆಯದು. ಲಾಕ್ ತೆಗೆಯಲು ಬೇಕಾದ ಒಟಿಪಿ, ನಂಬರು ಕೊಟ್ಟಿದ್ದ ಮಗನ ಫೋನಿಗೆ ಹೋಗುತ್ತಿತ್ತು. ಮಗ ವೈಟ್‌ಫೀಲ್ಡಿನಲ್ಲಿ ನೈಟ್ ಶಿಫ್ಟ್ ಮುಗಿಸಿ ಮಲಗಿದ್ದ. "ನಮ್ಮ ದುಡ್ಡು ಕಳ್ಳ ತಿನ್ನದಂಗೆ ಮಾಡ್ದೆ, ಸರಿ. ನಾವು ಅಕ್ಕಿ ತಿನ್ನದಂಗೂ ಮಾಡ್ಬುಟ್ಯಲ್ಲಪ್ಪ" ಎಂದಳು ಒಬ್ಬ ಅಜ್ಜಿ. ಅಂಥ ಮಾತಿಗೆ ಲಿನಕ್ಸಿನಲ್ಲಿ ಉತ್ತರವಿಲ್ಲ.

ಗೋಡೆಯ ಮೇಲೆ ವೆಂಕಟರಮಣಸ್ವಾಮಿ, ರಾಜ್‌ಕುಮಾರ್, ಇಬ್ಬರ ನಡುವೆ ಪತ್ರಿಕೆಯಿಂದ ಕತ್ತರಿಸಿದ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಚಿತ್ರ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾದ ಅವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು. ಅವರ ಹೆಸರಿನ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತರು. ಆ ಚಿತ್ರಕ್ಕೆ ದಿನಾ ಊದುಬತ್ತಿ ಬೆಳಗುತ್ತಾನೆ. ಅದರ ಕೆಳಗಿನ ಕಿಟಕಿಯಾಚೆ ಬೋಂಡದ ಅಕ್ಕ ಇವನದೇ ಅಂಗಡಿಯ ಕೆಟ್ಟ ಜೆರಾಕ್ಸ್ ಹಾಳೆಗಳಲ್ಲಿ ಮೆಣಸಿನಕಾಯಿ ಬಜ್ಜಿ ಕಟ್ಟಿ ಕೊಡುತ್ತಿದ್ದಳು. ಒಂದು ಸಂಜೆ ಬಜ್ಜಿ ತಿಂದು ಮುಗಿಸಿದಾಗ ಎಣ್ಣೆಯಡಿಯಿಂದ ತನ್ನದೇ ಆಧಾರ್ ಕಾರ್ಡು ಪ್ರೈವೇಟಣ್ಣನನ್ನು ನೋಡಿತು. ಅಂದಿನಿಂದ ಆಕೆಗೆ ಮುತ್ತುಗದ ಎಲೆಯ ಖರ್ಚು ಇವನದು.

ಊರಿನ ಕಣ್ಣಿಗೆ ಮಾತ್ರ ಇವನ ಆಕ್ಷೇಪಣೆಯೇ ಇಲ್ಲ. ಯಾರ ಮಗಳನ್ನು ನೋಡಲು ಎಲ್ಲಿಂದ ಗಂಡು ಬಂತು, ಯಾರ ತೋಟ ಯಾವ ವ್ಯಾಪಾರಿಗೆ ಎಷ್ಟಕ್ಕೆ ಹೋಯಿತು, ಯಾರಿಗೆ ಸೊಸೈಟಿಯ ನೋಟಿಸು ಬಂತು, ಎಲ್ಲವೂ ಟೀ ಅಂಗಡಿಯಲ್ಲಿ ಸಿಗುತ್ತದೆ, ಒಟಿಪಿ ಇಲ್ಲದೆ. ನಾನು ಕೆಣಕಿದಾಗ ಒಂದೇ ಮಾತು ಹೇಳಿದ: "ಟೀ ಅಂಗ್ಡಿಯೋನ ಮನೆ ಕತೆ ನಂಗೂ ಗೊತ್ತಲ್ಲಣ್ಣ. ಗೂಗಲ್‌ನೋನ ಮಗಳನ್ನ ನೋಡಕ್ಕೆ ಯಾರು ಬಂದ್ರು ಅಂತ ನಂಗೆ ಯಾರು ಹೇಳ್ತಾರೆ?" ಈ ವಿಷಯದ ಮೇಲೆ ದೊಡ್ಡವರು ಬರೆದದ್ದನ್ನು ಓದಿದ್ದೇನೆ, ಇಷ್ಟು ಚೆನ್ನಾಗಿ ಹೇಳಿದವರು ಕಡಿಮೆ.

ಯಾವ ಸರ್ವರನ್ನೂ ನಂಬದವನೆಂದು ಊರು ಇವನನ್ನೇ ನಂಬಿದೆ. ಕಿಸಾನ್ ಸಮ್ಮಾನ್, ಸ್ಕಾಲರ್‌ಶಿಪ್, ಡಿಜಿಲಾಕರ್, ಜಿಮೇಲ್, ಯಾವುದರ ಪಾಸ್‌ವರ್ಡನ್ನೂ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. "ಅಣ್ಣನ ಬುಕ್ಕಾಗೈತೆ" ಅನ್ನುತ್ತಾರೆ. ಇನ್ನೂರು ಪುಟದ ಆ ಲಾಂಗ್ ನೋಟ್ ಬುಕ್ಕಿನಲ್ಲಿ ಅರ್ಧ ತಾಲ್ಲೂಕಿದೆ. ಇಂಟರ್‌ನೆಟ್ಟಿಗೆ ತಾಗದ ಪುಸ್ತಕ, ಯಾವ ಹ್ಯಾಕರೂ ಮುಟ್ಟಲಾರ ಎಂದು ಅದನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಾನೆ.

ಹೋದ ತಿಂಗಳು ಮನೆಯವರೆಲ್ಲ ತಿರುಪತಿಗೆ ಹೊರಟರು. ಬೆಟ್ಟದಲ್ಲಿ 2023ರಿಂದ ಮುಖ ಗುರುತಿಸುವ ಕ್ಯಾಮೆರಾಗಳಿವೆ ಎಂದು ಇವನು ಹಿಂದೆಮುಂದೆ ನೋಡಿದ. "ಸ್ವಾಮಿಗೇ ಮುಖ ತೋರ್ಸಲ್ಲ ಅಂತೀರಾ?" ಎಂದು ಹೆಂಡತಿ ಕೇಳಿದ ಮೇಲೆ ಬಸ್ಸು ಹತ್ತಿದ. ಹೊರಡುವ ಮುನ್ನ ಅರ್ಜೆಂಟಿಗೆ ಇರಲಿ ಎಂದು ಬೀಗದ ಕೈಯನ್ನು ಬೋಂಡದ ಅಕ್ಕನ ಕೈಗೆ ಕೊಟ್ಟ.

ಮಾರನೆಯ ಬೆಳಿಗ್ಗೆಯೇ ಸ್ಕಾಲರ್‌ಶಿಪ್ಪಿನ ಕೊನೆಯ ದಿನ. ಹುಡುಗನೊಬ್ಬ ಓಡಿ ಬಂದ. ಅಕ್ಕ ಎಣ್ಣೆಯ ಕೈಯಲ್ಲೇ ಪುಟ ತಿರುವಿ, ಬಾಣಲೆಯ ಸದ್ದಿಗಿಂತ ಮೇಲೆ ಕೇಳುವಂತೆ ಓದಿದಳು: "ಎಮ್ಮು ದೊಡ್ಡದು, ಎ ಎನ್ ಜಿ ಓ ಚಿಕ್ಕದು. ಆಮ್ಯಾಕೆ ಆ ಸುತ್ತಿರೋ ಎ. ಆಮ್ಯಾಕೆ ಒನ್ ಟು ತ್ರೀ."

ಬಜ್ಜಿಗೆ ನಿಂತಿದ್ದವರಲ್ಲಿ ಒಬ್ಬ ಫೋನು ತೆಗೆದ. "ಓ, ನಂದೂ ಅದೇ ಕಣಕ್ಕ. ಮರ್ತೇ ಹೋಗಿತ್ತು." ಅವನ ಹಿಂದಿದ್ದವನೂ ಫೋನು ತೆಗೆದ.