ಡಿಕಾಕ್ಷನ್ ಬಣ್ಣದ ಶ್ರೀನಾಥ್

ಚಾಮರಾಜಪುರಂನ ನಮ್ಮ ಬೀದಿಯಲ್ಲಿ ನಡುರಾತ್ರಿ ದೀಪ ಉರಿಯುತ್ತಿದ್ದರೆ ಒಂದೋ ಯಾರದೋ ಮಗುವಿಗೆ ಪರೀಕ್ಷೆ, ಇಲ್ಲವೇ ನನಗೆ ಹರಾಜು. ಆನ್‌ಲೈನಿನಲ್ಲಿ ಹಳೇ ಕ್ರಿಕೆಟ್ ಕಾರ್ಡು ನೋಡುವ ಚಟ ನನ್ನದು. ಕೊಳ್ಳುವುದಕ್ಕಲ್ಲ, ಖೋಟಾ ಹಿಡಿಯುವುದಕ್ಕೆ. ಬಬಲ್‌ಗಮ್ ಅಗಿದು ಕಾರ್ಡು ಕೂಡಿಟ್ಟ ಪೀಳಿಗೆಗೆ ಇಷ್ಟಾದರೂ ಹಕ್ಕು ಬೇಡವೇ?

ಮೊನ್ನೆ ಒಂದು ಸಿಕ್ಕಿತು: ‘1983ರ ವಿಶ್ವಕಪ್, ಜಾವಗಲ್ ಶ್ರೀನಾಥ್, ಒರಿಜಿನಲ್, ಒಂದೇ ಪ್ರತಿ.’ ದಿಗ್ಗನೆ ಎದ್ದು ಕೂತೆ. ಕಪಿಲ್ ಲಾರ್ಡ್ಸ್‌ನಲ್ಲಿ ಕಪ್ ಎತ್ತಿದ ಆ ಜೂನ್ 25ಕ್ಕೆ ನಮ್ಮೂರ ಶ್ರೀನಾಥ್‌ಗೆ ಹದಿನಾಲ್ಕು ತುಂಬಿರಲಿಲ್ಲ. ಇಲ್ಲೇ ಮರಿಮಲ್ಲಪ್ಪ ಶಾಲೆಯಲ್ಲಿ ಓದಿದವರು. ಭಾರತಕ್ಕೆ ಆಡಿದ್ದು 1991ರಲ್ಲಿ. ಕಾರ್ಡಿನಲ್ಲೋ ಆರಡಿ ಮೀರಿದ ಆಳು, ಮೈಮೇಲೆ ಕಡುನೀಲಿ ಜೆರ್ಸಿ. ವಿಶ್ವಕಪ್ಪಿಗೆ ಬಣ್ಣದ ಬಟ್ಟೆ ಬಂದದ್ದೇ 1992ರಲ್ಲಿ!

‘ಸ್ವಾಮಿ, ಆಗ ಅವರಿನ್ನೂ ಸ್ಕೂಲ್ ಹುಡುಗ ಅಲ್ಲವೇ?’ ಎಂದು ಬರೆದೆ.

‘ಅದಕ್ಕೇ ಸಾರ್ ಅಪರೂಪ’ ಎಂದು ಉತ್ತರ ಬಂತು.

ಇನ್ನು ಬಣ್ಣ. ಹಳೇ ಕಾಗದ ಅಂಚಿನಿಂದ ಒಳಕ್ಕೆ ಹಳದಿಯಾಗುತ್ತಾ ಹೋಗುತ್ತದೆ. ಇದು ಮೂಲೆಯಿಂದ ಮೂಲೆಗೆ ಒಂದೇ ಸಮ ಕಂದು. ಅನುಮಾನ ಬಂದಮೇಲೆ ನಿದ್ದೆಯೆಲ್ಲಿ? ಅಡುಗೆಮನೆಗೆ ನುಸುಳಿ, ಬೆಳಗಿನ ಕಾಫಿಗೆಂದು ಇಳಿಯುತ್ತಿದ್ದ ಡಿಕಾಕ್ಷನ್ನನ್ನು ತಟ್ಟೆಗೆ ಬಗ್ಗಿಸಿ, ಯಾರದೋ ಮದುವೆ ಕಾಗದದ ಬಿಳಿ ಬೆನ್ನನ್ನು ಅದರಲ್ಲಿ ತೇಲಿಬಿಟ್ಟೆ. ಒಂದು ಮಗ್ಗುಲು ನೆನೆಯಿತು, ತಿರುವಿದೆ. ಚಿಮಟದಲ್ಲಿ ಎತ್ತಿ ಫ್ಯಾನಿನ ಕೆಳಗೆ ಹಿಡಿದು ನಿಂತೆ. ಕಂದು ಏರುತ್ತಾ ಏರುತ್ತಾ ಥೇಟ್ 1983 ಆಗುವ ಹೊತ್ತಿಗೆ ಹಿಂದಿನಿಂದ ದನಿ: “ರೀ, ಲಗ್ನಪತ್ರಿಕೆಗೆ ಯಾಕ್ರೀ ಕಾಫಿ ಕುಡಿಸ್ತಿದೀರಾ?”

ಅಮೆರಿಕದಲ್ಲೂ ಇದೇ ಕಥೆ. 2007ರಲ್ಲಿ 28 ಲಕ್ಷ ಡಾಲರಿಗೆ ಹೋದ ಹೋನಸ್ ವ್ಯಾಗ್ನರ್ ಬೇಸ್‌ಬಾಲ್ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿದ್ದೆಂದು ವ್ಯಾಪಾರಿ ಬಿಲ್ ಮಾಸ್ಟ್ರೋ 2013ರಲ್ಲಿ ಒಪ್ಪಿಕೊಂಡ. ಅಲ್ಲಿ ಕತ್ತರಿ, ಇಲ್ಲಿ ಡಿಕಾಕ್ಷನ್.

ನನಗೆ ಸಿಟ್ಟು ಮಾರುವವನ ಮೇಲಲ್ಲ, ಕೂಗುವವರ ಮೇಲೆ. ಇಸವಿ ಕೂಡಿ ಕಳೆಯಲು ಬಾರದವರು ಐನೂರು, ಸಾವಿರ ಅಂತ ಏರಿಸುತ್ತಲೇ ಇದ್ದರು. ಒಬ್ಬಾತನಂತೂ, ‘ನಮ್ಮಪ್ಪ ಇವರ ಬೌಲಿಂಗ್ ಅಂದ್ರೆ ಪ್ರಾಣ ಬಿಡ್ತಿದ್ರು, ಈಗಿಲ್ಲ. ಅವರ ಫೋಟೋ ಪಕ್ಕ ಇಡ್ತೀನಿ, ದಯವಿಟ್ಟು ಬೆಲೆ ಏರಿಸಬೇಡಿ’ ಎಂದು ಬರೆದಿದ್ದ. ‘ಖೋಟಾ ಕಣಪ್ಪಾ’ ಎಂದು ಟೈಪು ಮಾಡಿದ್ದವನು ಕಳಿಸಲಾರದೆ ಕೂತೆ. ಕೊನೆಗೆ ಕಳಿಸಿದೆ. ‘ಗೊತ್ತು ಸಾರ್, ಫೋಟೋ ಚೆನ್ನಾಗಿದೆ’ ಎಂದ.

ಅವನಿಗೇ ಸಿಕ್ಕಿತು. ಮಾರನೇ ದಿನ ಅದೇ ಅಂಗಡಿಯಲ್ಲಿ ಇನ್ನೊಂದು ‘ಒಂದೇ ಪ್ರತಿ’ ಬಂದಿದೆ. ಈ ಸಲ ಡಿಕಾಕ್ಷನ್ ಸ್ವಲ್ಪ ಸ್ಟ್ರಾಂಗು.